ಕಡ್ಲಿಯ ಹಾಲುಹಲ್ಲು

ಇವತ್ತು ಬೆಳಿಗ್ಗೆ ನನ್ನ ತಾಯಿ ಯವ್ವನ ಮಂಚ ಸರಿಸಿ ಕಸ ಹೊಡೆಯುತ್ತಿದ್ದೆ. ನಮ್ಮ ಮನೆಯಲ್ಲಿ ಭಾನುವಾರದ ಕಸಬರಿಗೆ ನನ್ನದು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಮೆಚ್ಚಿಸಲು ಒಂದು ದಿನ ಹಿಡಿದದ್ದು. ಇಪ್ಪತ್ತೈದು ವರ್ಷವಾಯಿತು, ಇನ್ನೂ ಕೆಳಗಿಡಲು ಆಗಿಲ್ಲ. ಮಂಚದ ಕಾಲಿನ ಹತ್ತಿರ ಧೂಳಿನಲ್ಲಿ ಒಂದು ಅಕ್ಕಿಕಾಳು ಕಂಡಿತು. ರಾಯಚೂರಿನವರಿಗೆ ಅಕ್ಕಿಯ ಬರವಿಲ್ಲ, ಆದರೂ ಬಿದ್ದ ಕಾಳನ್ನು ಕಸದ ಜೊತೆ ತಳ್ಳಲು ನನಗೆ ಕೈ ಬರುವುದಿಲ್ಲ. ಬಗ್ಗಿ ಎತ್ತಿಕೊಂಡೆ. ಅಕ್ಕಿಯಲ್ಲ, ಹಲ್ಲು. ತುದಿ ಸೂಜಿಯಷ್ಟು ಚೂಪು, ಬುಡ ಟೊಳ್ಳು. ನಮ್ಮ ನಾಯಿ ಕಡ್ಲಿ ಮರಿಯಾಗಿದ್ದಾಗ ಉದುರಿಸಿಕೊಂಡ ಹಾಲುಹಲ್ಲು. ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತವನು ಬೆಚ್ಚಿದೆ. ಇಷ್ಟು ಸಣ್ಣ ಹಲ್ಲು ನೋಡಿ ಐವತ್ತು ದಾಟಿದ ಗಂಡಸು ಬೆಚ್ಚುವುದೇನು ಎಂದು ನೀವು ಕೇಳಬಹುದು. ಹೇಳುತ್ತೇನೆ, ಕೂತುಕೊಳ್ಳಿ.

ಕಡ್ಲಿ ನಮ್ಮ ಮನೆಗೆ ಬಂದದ್ದು ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ, ಕಲ್ಲೂರಿನಿಂದ. ಅಲ್ಲಿ ನನ್ನ ತಂಗಿಯನ್ನು ಕೊಟ್ಟಿದ್ದೇವೆ. ಅವರ ಮನೆಯ ನಾಯಿ ಐದು ಮರಿ ಹಾಕಿತ್ತು. ನಾವು ಹೋದ ದಿನ ಅದರಲ್ಲೊಂದು ಹೇಗೋ ಉರುಳಿಕೊಂಡು ಬಂದು ಯವ್ವನ ಸೀರೆಯ ಮಡಿಕೆಯಲ್ಲಿ ಮಲಗಿಬಿಟ್ಟಿತು. ಸಂಜೆ ಹೊರಡುವಾಗ ಯವ್ವ ಏಳಲಿಲ್ಲ. ಮರಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು ನನ್ನ ಮುಖ ನೋಡದೆ, "ಇದನ್ನ ಒಯ್ಯೂಣೇನಪಾ?" ಎಂದಳು.

ನಾನು ದಂಗಾದೆ. ಯವ್ವನಿಗೆ ಎಂಬತ್ತರ ಹತ್ತಿರ. ಅಷ್ಟು ವರ್ಷದಲ್ಲಿ ಆಕೆ ನನ್ನನ್ನು ಏನಾದರೂ ಕೇಳಿದ್ದು ನನಗೆ ನೆನಪಿಲ್ಲ. ಸೀರೆ ತಂದುಕೊಟ್ಟರೆ ಉಡುತ್ತಾಳೆ, ತರದಿದ್ದರೆ ಹಳೆಯದನ್ನೇ ಒಗೆದು ಉಡುತ್ತಾಳೆ. ಮರಿಗೆ ಒಂದು ತಿಂಗಳೂ ತುಂಬಿರಲಿಲ್ಲ, ಇನ್ನೂ ತಾಯಿಯ ಹತ್ತಿರ ಇರಬೇಕು ಎಂದು ತಂಗಿ ಹೇಳಿದಳು. ಯಾರು ಕೇಳುತ್ತಾರೆ? ಯವ್ವ ಬಾಯಿಬಿಟ್ಟು ಕೇಳಿದ್ದಾಳೆ ಎಂಬ ಸಡಗರದಲ್ಲಿ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಇತಿಹಾಸ ಪಾಠ ಮಾಡುವವನು ನಾನು, ದೇವದುರ್ಗದ ಕಾಲೇಜಿನಲ್ಲಿ. ದಾರಿಯುದ್ದಕ್ಕೂ ಯಾವ ರಾಜನ ಹೆಸರಿಡಲಿ ಎಂದು ಯೋಚಿಸುತ್ತ ಬಂದೆ. ಮನೆ ಮುಟ್ಟುವಷ್ಟರಲ್ಲಿ ಯವ್ವ ಅದನ್ನು ಕಡ್ಲಿ ಎಂದು ಕರೆದಾಗಿತ್ತು. ಕಡಲೆಕಾಳಿನ ಬಣ್ಣ, ಅಷ್ಟೇ ದುಂಡಗೆ. ರಾಜರೆಲ್ಲ ಪುಸ್ತಕದಲ್ಲೇ ಉಳಿದರು.

ಎರಡು ವಾರ ಎಲ್ಲವೂ ಚೆಂದ. ಆಮೇಲೆ ಹಲ್ಲು ಬಂದವು ನೋಡಿ. ಆಟವೆಂದರೆ ಅದಕ್ಕೆ ಕಚ್ಚುವುದೇ. ನನ್ನ ಪಾದ, ಹೆಂಡತಿ ಶಾಂತಾಳ ಸೆರಗು, ಪರೀಕ್ಷೆಯ ಪೇಪರಿನ ಕಟ್ಟು, ಯವ್ವನ ಬೆರಳು, ಯಾವುದಕ್ಕೂ ಭೇದವಿಲ್ಲ. ದಿನದಿಂದ ದಿನಕ್ಕೆ ಇನ್ನಷ್ಟು ಒತ್ತಿ ಕಚ್ಚತೊಡಗಿತು. ನಾವು ಮೂವರೂ ಸುಮ್ಮನೆ ಸಹಿಸಿಕೊಂಡೆವು. ಅದು ಕಚ್ಚಿ ಹಿಡಿಯುತ್ತಿತ್ತು, ನಾವು ಹಲ್ಲು ಕಚ್ಚಿ ಹಿಡಿಯುತ್ತಿದ್ದೆವು. ಮೆಲ್ಲಗೆ ಬಾಯಿ ಬಿಡಿಸಿ, ಅರಿಶಿನ ಹಚ್ಚಿಕೊಂಡು, ನಮ್ಮ ನಮ್ಮ ಕೆಲಸಕ್ಕೆ ಹೋಗುವುದು. ಇದರಲ್ಲಿ ತಪ್ಪೇನಿದೆ ಎಂದು ನಮಗೆ ಹೊಳೆಯಲೇ ಇಲ್ಲ. ಯಾಕೆಂದರೆ ಸಹಿಸಿಕೊಳ್ಳುವುದು ನಮ್ಮ ಮನೆತನದ ವಿದ್ಯೆ. ಬೇರೆಯವರ ಮನೆಯಲ್ಲಿ ಸಂಗೀತವಿರುತ್ತದೆ, ವ್ಯಾಪಾರವಿರುತ್ತದೆ, ನಮ್ಮಲ್ಲಿ ಇದು.

ಇದರ ಬಗ್ಗೆ ನನಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಸಾಲೆಯಲ್ಲಿ ಮಾಸ್ತರರ ಬೆತ್ತಕ್ಕೆ ನಾನು ಒಮ್ಮೆಯೂ ಕೈ ಹಿಂದೆ ಎಳೆದುಕೊಂಡವನಲ್ಲ. ನಾನು ಅಳಲಿಲ್ಲವೆಂದು ಮಾಸ್ತರರಿಗೆ ಸಿಟ್ಟು ಬಂದು ಎರಡು ಹೆಚ್ಚು ಹಾಕುತ್ತಿದ್ದರು. ಅದನ್ನೂ ನಾನು ಬಹುಮಾನವೆಂದೇ ತಿಳಿಯುತ್ತಿದ್ದೆ. ಶಾಂತಾಳೂ ನಮ್ಮಂತಹ ಮನೆಯವಳೇ. ಅವಳ ಹೆರಿಗೆಯ ಕತೆಯನ್ನು ನಾನು ಕಂಡವರಿಗೆಲ್ಲ ಹೇಳಿದ್ದೇನೆ, ನಿಮಗೂ ಹೇಳಿಬಿಡುತ್ತೇನೆ. ಯಾವ ಆಸ್ಪತ್ರೆ ಎಂಬುದು ಬೇಡ. ಹೆರಿಗೆ ವಾರ್ಡಿನ ನರ್ಸಮ್ಮಗಳು ಕೂಗಿನ ಜೋರು ಕೇಳಿಯೇ ಇನ್ನೆಷ್ಟು ಹೊತ್ತು ಎಂದು ಅಂದಾಜು ಮಾಡುತ್ತಾರಂತೆ. ಶಾಂತಾ ಉಸಿರೆತ್ತದೆ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಇನ್ನೂ ಟೈಮ್ ಇದೆ ಎಂದುಕೊಂಡು ಅವರು ಚಹಾ ಕುಡಿಯಲು ಹೋದರು. ಈಗ ಹಾಸ್ಟೆಲಿನಲ್ಲಿದ್ದು ಓದುವ ಮಗಳು ಅಂದು ಬೆಂಚಿನ ಮೇಲೆ ಹುಟ್ಟುವುದೊಂದು ಬಾಕಿ. ಓಡಿಬಂದ ನರ್ಸಮ್ಮ, "ಒದರಬೇಕಲ್ಲವಾ ತಂಗಿ, ನಮಗ ಹ್ಯಾಂಗ ಗೊತ್ತಾಗಬೇಕು?" ಎಂದು ಬೈದಳು. ನಾನು ಇದನ್ನು ಶೌರ್ಯದ ಕತೆಯಾಗಿ ಹೇಳುತ್ತ ಬಂದೆ. ಶಾಂತಾ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ನಗು ಬರುತ್ತಿತ್ತೋ ಇಲ್ಲವೋ ನಾನು ಗಮನಿಸಿರಲಿಲ್ಲ.

ಆದರೆ ಈ ವಿದ್ಯೆಯ ಮೂಲಗುರು ಯವ್ವ. ನಾವು ನೀರಮಾನ್ವಿಯವರು, ಊರಿಗೆ ಹೊರಗಿನ ಓಣಿಯವರು. ನನಗೆ ಒಂಬತ್ತು ವರ್ಷವಿರಬಹುದು, ನೆಲ್ಲಿನ, ಅಂದರೆ ಭತ್ತದ, ಕೊಯ್ಲು. ಸಾಲೆಗೆ ರಜೆಯಿತ್ತು, ಬುತ್ತಿ ಕಾಯಲು ನನ್ನನ್ನು ಬದುವಿನ ಮೇಲೆ ಕೂರಿಸಿದ್ದರು. ಯವ್ವ ಕೊಯ್ದ ನೆಲ್ಲಿನ ಕಟ್ಟು ಎತ್ತಲು ಬಗ್ಗಿದವಳು ಒಂದು ಗಳಿಗೆ ಹಾಗೇ ನಿಂತಳು. ಮತ್ತೆ ಕಟ್ಟು ಎತ್ತಿ ತಲೆಯ ಮೇಲಿಟ್ಟುಕೊಂಡು ನಡೆದಳು. ಹೊತ್ತು ಮುಳುಗುವವರೆಗೆ ಹೊತ್ತಳು. ಮನೆಗೆ ಬಂದು ರೊಟ್ಟಿ ಬಡಿಯಲು ಕೂತಾಗ ಕೈ ಏಳಲಿಲ್ಲ. ನೋಡಿದರೆ ಮೊಣಕೈವರೆಗೆ ಬಾತಿತ್ತು. ಕಟ್ಟಿನಲ್ಲಿ ಚೇಳಿತ್ತು. ಅಲ್ಲಿಯೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. "ಬಾಯಿ ಮಾಡಿದ್ರ ನಾಳಿ ಕೆಲಸಕ್ಕ ಕರಿಯೂದಿಲ್ಲಪಾ" ಎಂದಳು.

ಅದು ನಿಜವೇ. ಆಳು ಕರೆಯುವವನು ಬೆಳಿಗ್ಗೆ ಓಣಿಯ ಬಾಯಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದ. ಕಾಲು ನೋಯುತ್ತದೆ, ಸೊಂಟ ಹಿಡಿದಿದೆ ಎಂದು ನಿನ್ನೆ ಹೊಲದಲ್ಲಿ ಅಂದವರ ಹೆಸರು ಇವತ್ತು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಮರುದಿನ ಯವ್ವ ಕೈಗೆ ಬಟ್ಟೆ ಸುತ್ತಿಕೊಂಡು ಹೋದಳು. ಒಂಬತ್ತು ವರ್ಷದ ನನಗೆ ಅರ್ಥವಾದದ್ದು ಒಂದೇ: ನಮ್ಮವ್ವನಿಗೆ ನೋವು ಹತ್ತುವುದಿಲ್ಲ. ಕೆಲವು ಮಂದಿಗೆ ಚಳಿ ಹತ್ತುವುದಿಲ್ಲವಲ್ಲ, ಹಾಗೆ. ಈ ತಿಳುವಳಿಕೆಯನ್ನು ನಾನು ತಿದ್ದಿಕೊಳ್ಳಲೇ ಇಲ್ಲ. ದೊಡ್ಡವನಾಗಿ, ಎಂ.ಎ. ಮಾಡಿ, ನೌಕರಿ ಹಿಡಿದು, ಒಮ್ಮೆ ಕಾಲೇಜಿನಲ್ಲಿ ನನಗೆ ಶಾಲು ಹೊದಿಸಿದಾಗ ಮೈಕಿನ ಮುಂದೆ ನಿಂತು, "ನನ್ನ ತಾಯಿ ಜೀವನದಲ್ಲಿ ಒಮ್ಮೆಯೂ ನೋವು ಎಂದವಳಲ್ಲ" ಎಂದು ಹೇಳಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಯವ್ವ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ವಿನಯ ಎಂದುಕೊಂಡೆ.

ಇನ್ನು ಕಡ್ಲಿಯ ವಿಷಯಕ್ಕೆ ಬರುತ್ತೇನೆ. ಒಂದು ಸಂಜೆ ದೇವದುರ್ಗದಿಂದ ಬಂದು ಚಪ್ಪಲಿ ಬಿಡುತ್ತಿದ್ದೇನೆ, ಯವ್ವ ಎಂದಿನಂತೆ ಮಂಚದ ಮೇಲೆ ಕೂತಿದ್ದಳು. ಎಡಗೈ ಸೆರಗಿನೊಳಗೆ. ಮರಿ ಅವಳ ಕಾಲ ಬುಡದಲ್ಲಿ ನಿದ್ದೆ ಹೊಡೆಯುತ್ತಿತ್ತು. ಚಹಾ ಆಯಿತೇ ಎಂದು ಕೇಳಿದೆ, ಆಯಿತು ಎಂದಳು. ಆಗ ಹಾಸಿಗೆಯ ಮೇಲೆ ನನ್ನ ಕಣ್ಣು ಬಿತ್ತು. ಕೆಂಪಗೆ ತೊಯ್ದಿತ್ತು. ಸೆರಗು ಸರಿಸಿದರೆ ಕೈ ತುಂಬ ರಕ್ತ, ಸೀರೆ ತುಂಬ ರಕ್ತ, ಇನ್ನೂ ತೊಟ್ಟಿಕ್ಕುತ್ತಲೇ ಇತ್ತು. ಯವ್ವ ಹೃದಯಕ್ಕೆಂದು ರಕ್ತ ತೆಳುವಾಗುವ ಗುಳಿಗೆ ನುಂಗುತ್ತಾಳೆ. ಗಾಯ ಸಣ್ಣದಾದರೂ ರಕ್ತ ನಿಲ್ಲುವುದಿಲ್ಲ. ಶಾಂತಾಳನ್ನು ಕರೆದೆ. ಎಷ್ಟು ಹೊತ್ತಾಯಿತು ಎಂದು ಶಾಂತಾ ಕೇಳಿದಳು. ಮಧ್ಯಾಹ್ನ ಊಟ ಆದ ಮೇಲೆ ಎಂದಳು ಯವ್ವ. ಶಾಂತಾ ತಾನು ಪಾಠ ಮಾಡುವ ಸಾಲೆಯಿಂದ ಬಂದು, ಚಹಾ ಮಾಡಿಕೊಟ್ಟು, ಅದೇ ಕೋಣೆಯಲ್ಲಿ ಬಟ್ಟೆ ಮಡಿಚಿಟ್ಟಿದ್ದಳು. ಆಗಲೂ ಯವ್ವ ಒಂದು ಕೈಯಲ್ಲಿ ಚಹಾ ಕುಡಿದು ಬಟ್ಟಲು ಕೊಟ್ಟಿದ್ದಳು. ಯಾಕೆ ಹೇಳಲಿಲ್ಲ ಎಂದದ್ದಕ್ಕೆ ಮರಿಯ ಕಡೆ ನೋಡಿ, "ಹೇಳಿದ್ರ ನೀವು ಇದನ್ನ ಬಿಟ್ಟುಬರ್ತೀರಿ" ಎಂದಳು.

ಆಸ್ಪತ್ರೆಗೆ ಓಡಿದೆವು. ಹೊಲಿಗೆ ಬೀಳಲಿಲ್ಲ, ಪಟ್ಟಿ ಬಿತ್ತು; ನಾಯಿ ಕಚ್ಚಿದ್ದಕ್ಕೆ ಸೂಜಿಯೂ ಬಿತ್ತು. ಮನೆಗೆ ಬಂದ ಮೇಲೆ ಶಾಂತಾ ಅಡುಗೆಮನೆಯಲ್ಲಿ ನನ್ನನ್ನು ಕರೆದು ಯುಗಾದಿಯವರೆಗೆ ಗಡುವು ಕೊಟ್ಟಳು. ಅಷ್ಟರಲ್ಲಿ ಕಚ್ಚುವುದು ಬಿಟ್ಟರೆ ಸರಿ, ಇಲ್ಲದಿದ್ದರೆ ಕಡ್ಲಿ ಕಲ್ಲೂರಿಗೆ ವಾಪಸ್. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಯವ್ವ ಜೀವಮಾನದಲ್ಲಿ ಕೇಳಿದ ಒಂದೇ ಒಂದು ವಸ್ತುವನ್ನು ನಾನು ಅವಳ ಮಡಿಲಿನಿಂದ ಹೇಗೆ ಎತ್ತಿಕೊಂಡು ಹೋಗಲಿ? ಯುಗಾದಿಗೆ ಮೂರು ವಾರವಿತ್ತು.

ಮರುದಿನ ಕಡ್ಲಿಯನ್ನು ದನದ ದವಾಖಾನೆಗೆ ಒಯ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ನನ್ನ ವಿದ್ಯಾರ್ಥಿನಿಯ ಹಾಗಿದ್ದಳು. ಕಚ್ಚಿದಾಗ ನೀವೇನು ಮಾಡುತ್ತೀರಿ ಎಂದು ಕೇಳಿದಳು. ಏನೂ ಮಾಡುವುದಿಲ್ಲ, ನಾವು ಹೊಡೆಯುವ ಜಾತಿಯಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟಳು.

"ಹೊಡಿಯೂದು ಬ್ಯಾಡ್ರಿ ಸರ್. ಆದ್ರ ನೋವಾತು ಅಂತ ಒದರಬೇಕು. ನೀವು ಸುಮ್ಮನಿದ್ರ, ಇವ್ರಿಗೆ ನೋವ ಆಗೂದಿಲ್ಲ ಅಂತ ಅದು ತಿಳಕೋತದ."

ಆಮೇಲೆ ತಾಳ್ಮೆಯಿಂದ ವಿವರಿಸಿದಳು. ಮರಿಗಳು ಒಂದರೊಡನೊಂದು ಆಡುವಾಗ ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಚೀರಿ ಆಟ ಬಿಟ್ಟು ಹೋಗುತ್ತದೆ. ಆಟ ನಿಂತಿತಲ್ಲ ಎಂದು ಕಚ್ಚಿದ ಮರಿಗೆ ದುಃಖವಾಗುತ್ತದೆ, ಮುಂದಿನ ಸಲ ಮೆಲ್ಲಗೆ ಹಿಡಿಯುತ್ತದೆ. ಈ ಪಾಠ ಮುಗಿಯುವ ಮೊದಲೇ ನೀವು ಇದನ್ನು ತಾಯಿಯ ಹತ್ತಿರದಿಂದ ತಂದಿದ್ದೀರಿ, ಈಗ ನೀವೇ ಕಲಿಸಬೇಕು. ಕಚ್ಚಿದ ಕೂಡಲೇ ನೋವಾಯಿತೆಂದು ಕೂಗಿ, ಕೈ ಬಿಗಿಹಿಡಿದುಕೊಂಡು ಮುಖ ತಿರುಗಿಸಿ ಕೂತುಬಿಡಿ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಆಡಿಸಿ. ಕಚ್ಚಲು ಒಂದು ಹಳೇ ಹಗ್ಗ ಕೊಡಿ. ಮನೆಯವರೆಲ್ಲ ಇದನ್ನೇ ಮಾಡಬೇಕು. ಇಷ್ಟೇ.

ನಾನು ತಲೆಯಾಡಿಸಿ ಹೊರಗೆ ಬಂದೆ. ಇವ್ರಿಗೆ ನೋವ ಆಗೂದಿಲ್ಲ ಅಂತ ಅದು ತಿಳಕೋತದ. ಮನೆಯವರೆಗೂ ಆ ಮಾತು ಜೊತೆಗೆ ಬಂತು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಎಂಬ ಗಾದೆಯನ್ನು ನಾನೇ ಎಷ್ಟೋ ಸಲ ಹಕ್ಕಿಗಾಗಿ ಸೇರುವ ಸಂಘದ ಸಭೆಗಳಲ್ಲಿ ಹೇಳಿದ್ದೇನೆ. ಮನೆಯೊಳಗೆ ಅದಕ್ಕೆ ಅರ್ಥವಿರಬಹುದು ಎಂದು ತೋಚಿರಲಿಲ್ಲ.

ಇಷ್ಟೇ ಎಂದಳಲ್ಲ ಆ ಹುಡುಗಿ, ಆ ಇಷ್ಟು ನಮಗೆ ಆಗಲಿಲ್ಲ ನೋಡಿ. ಅಂದು ಸಂಜೆ ಕಡ್ಲಿ ನನ್ನ ಹೆಬ್ಬೆರಳು ಹಿಡಿಯಿತು. ನಾನು ಬಾಯಿ ತೆರೆದೆ. "ನೋವಾಯಿತು" ಎಂದೆ. ಹಾಜರಿ ಕೂಗಿದ ಹಾಗೆ ಬಂತು. ಕಡ್ಲಿ ಬಾಲ ಅಲ್ಲಾಡಿಸಿ ಇನ್ನೊಂದು ಬೆರಳು ಹಿಡಿಯಿತು. ಶಾಂತಾ ಅಡುಗೆಮನೆಯಿಂದ ಇಣುಕಿ, ಪಾಠ ಶುರುವಾಯಿತೇ ಎಂದು ಕೇಳಿದಳು. ಅವಳ ಸರದಿ ಬಂದಾಗ ಅವಳ ಗಂಟಲಿನಿಂದ ಸೊಳ್ಳೆಯಷ್ಟು ದನಿ ಹೊರಟಿತು. ಇಬ್ಬರೂ ಓದಿದವರು, ಮಕ್ಕಳೆದುರು ದಿನವಿಡೀ ಗಂಟಲು ಹರಿದುಕೊಳ್ಳುವವರು. ನೋವಾಯಿತು ಎಂದು ಕೂಗಲು ಮಾತ್ರ ದನಿ ಏಳುತ್ತಿರಲಿಲ್ಲ. ಮೊದಮೊದಲು ನಕ್ಕೆವು. ವಾರ ಕಳೆದಾಗ ನಗು ನಿಂತಿತು. ಯವ್ವ ಅಂತೂ ಒಪ್ಪಲೇ ಇಲ್ಲ. ಹಾಗೆಲ್ಲ ಒದರಿದರೆ ಮಂದಿ ಕೂಡುತ್ತಾರೆ, ಮರ್ಯಾದೆಯಿಂದ ಬಾಳುವೆ ಮಾಡಿದ ಮನೆಯಲ್ಲಿ ಅದು ಚೆಂದವಲ್ಲ ಎಂದಳು. ಅವಳ ಎರಡೂ ಕೈಗೆ ನನ್ನ ದಪ್ಪನೆಯ ಕಾಲುಚೀಲ ತೊಡಿಸಿದೆವು. ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆಕೆ ದಿನವಿಡೀ ಕೂರುತ್ತಿದ್ದಳು. ಕಡ್ಲಿ ಕಾಲುಚೀಲ ಹರಿದು ಹಾಕಿತು.

ಯುಗಾದಿಗೆ ಐದು ದಿನ ಉಳಿದಿತ್ತು. ತಂಗಿಗೆ ಫೋನ್ ಮಾಡಿ, ಯವ್ವನಿಗೆ ಕೇಳುವಂತೆಯೇ, ಕಡ್ಲಿಯನ್ನು ಕಳಿಸುತ್ತೇವೆ ಎಂದು ಶಾಂತಾ ಹೇಳಿಯೂ ಆಗಿತ್ತು. ಭಾನುವಾರ ಬೆಳಿಗ್ಗೆ ಅವಳು ಕಾಯಿಪಲ್ಲೆಗೆ ಹೋದಳು, ನಾನು ಮಾಳಿಗೆಯ ಮೇಲೆ ಹಪ್ಪಳದ ಹಾಳೆ ಹಾಸುತ್ತಿದ್ದೆ. ಆಗ ಕೇಳಿತು.

ಒಂದು ಹೆಣ್ಣಿನ ಕೂಗು. "ಯವ್ವಾ, ಸತ್ತೆನಲ್ಲೇ ಯವ್ವಾ, ನೋವಾತಲ್ಲೇ" ಎಂದು ಓಣಿಯೇ ನಡುಗುವ ಹಾಗೆ. ನನಗೆ ಮೊದಲು ಬಂದ ಯೋಚನೆ, ಪಾಪ, ಯಾರ ಮನೆಯಲ್ಲಿ ಏನಾಯಿತೋ ಎಂದು. ಆ ದನಿ ನನಗೆ ಪರಿಚಯವಿರಲಿಲ್ಲ. ಐವತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ತಾಯಿಯ ದನಿ ನನಗೆ ಗುರುತು ಸಿಗಲಿಲ್ಲ. ಇನ್ನೊಮ್ಮೆ ಕೇಳಿದಾಗ, ಅದು ನಮ್ಮ ಮನೆಯೊಳಗಿಂದಲೇ ಬರುತ್ತಿದೆ ಎಂದು ತಿಳಿದು ಹಾಳೆ ಬಿಟ್ಟು ಓಡಿದೆ. ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಬಿದ್ದಿದ್ದಾಳೆ, ಸೊಂಟ ಮುರಿದಿದೆ, ಎಲ್ಲ ಮುಗಿಯಿತು ಎಂದುಕೊಂಡೇ ಬಾಗಿಲು ತಳ್ಳಿದೆ.

ಯವ್ವ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಕಾಲುಚೀಲ ತೆಗೆದಿಟ್ಟಿದ್ದಳು. ಕೈಗಳನ್ನು ಎದೆಗೆ ಬಿಗಿಹಿಡಿದು, ಮುಖ ಗೋಡೆಯ ಕಡೆ ತಿರುಗಿಸಿ. ಎಲ್ಲಿಯೂ ರಕ್ತವಿಲ್ಲ. ಎರಡು ಮಾರು ದೂರದಲ್ಲಿ ಕಡ್ಲಿ ಕಿವಿ ಹಿಂದಕ್ಕೆ ಮಾಡಿಕೊಂಡು ಕಂಗಾಲಾಗಿ ಕೂತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಯವ್ವ ಸುಮ್ಮನಿರು ಎಂದು ಬೆರಳು ತೋರಿಸಿದಳು. ಸ್ವಲ್ಪ ಹೊತ್ತು ಕಳೆದು ತಿರುಗಿ ಕೈ ಚಾಚಿದಳು. ಕಡ್ಲಿ ತೆವಳಿಕೊಂಡು ಬಂದು ನೆಕ್ಕಿತು, ಆಟಕ್ಕೆ ಬಂತು, ಮತ್ತೆ ಹಲ್ಲು ಊರಿತು. ಮತ್ತೆ ಅದೇ ಕೂಗು. ಈ ಸಲ ಎದುರಿಗೆ ನಿಂತು ಕೇಳಿದೆ. ಕುತ್ತಿಗೆಯ ನರ ಉಬ್ಬಿ, ಕಣ್ಣು ಮುಚ್ಚಿ, ಹೊಟ್ಟೆಯೊಳಗಿಂದ ಎಳೆದು ತೆಗೆದ ಕೂಗು. ಮೂರನೆಯ ಸಲ ಕಡ್ಲಿ ಅವಳ ಮಣಿಕಟ್ಟನ್ನು ಬಾಯಲ್ಲಿ ಹಿಡಿಯಿತು, ಒತ್ತಲಿಲ್ಲ. ಹಾಗೇ ಹಿಡಿದುಕೊಂಡು ಅವಳ ಮುಖ ನೋಡಿತು, ಬಿಟ್ಟಿತು.

ನಾನು ಹೊಸ್ತಿಲ ಮೇಲೆಯೇ ಕೂತೆ. ಅಷ್ಟು ಚಿಕ್ಕ ಹಲ್ಲಿಗೆ ಅಷ್ಟು ದೊಡ್ಡ ಕೂಗು ಬೇಕಿರಲಿಲ್ಲ, ಅಷ್ಟು ನನಗೂ ತಿಳಿಯಿತು. ಗೇಟಿನ ಹತ್ತಿರ ಆಗಲೇ ನಾಲ್ಕು ಮಂದಿ ಕೂಡಿದ್ದರು, ಯವ್ವ ಹೆದರಿದ್ದ ಹಾಗೆಯೇ. ಏನಾಯಿತು ಎಂದು ಎದುರು ಮನೆಯವರು ಗಾಬರಿಯಿಂದ ಕೇಳಿದರು. ಯವ್ವ ಸೆರಗು ಸರಿಮಾಡಿಕೊಂಡು, ಏನಿಲ್ಲ, ನಾಯಿಗೆ ಸಾಲೆ ಕಲಿಸುತ್ತಿದ್ದೇನೆ ಎಂದು ಹೇಳಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆಶ್ಚರ್ಯವಿತ್ತು, ನನ್ನದಕ್ಕಿಂತ ಹೆಚ್ಚು.

"ಒದರಿದ್ರ ಬಿಡ್ತದಪಾ ಇದು" ಎಂದಳು. "ನೋವಾತು ಅಂದ ಕೂಡ್ಲೇ ಬಿಡ್ತದ."

ಕಡ್ಲಿ ಕಲ್ಲೂರಿಗೆ ಹೋಗಲಿಲ್ಲ ಎಂಬುದು ನಿಮಗೆ ತಿಳಿದೇ ಇದೆ. ಯುಗಾದಿಯ ದಿನ ಅದು ಯವ್ವನ ಕೈಯಿಂದ ಹೋಳಿಗೆಯ ತುಣುಕನ್ನು ತುಟಿಯಿಂದ ಎಂಬಂತೆ ತೆಗೆದುಕೊಂಡಿತು. ಶಾಂತಾಳೇ ಇನ್ನೊಂದು ತುಣುಕು ಹಾಕಿದಳು. ಯವ್ವನ ಕೂಗು ಕೇಳಿಸಿಕೊಂಡ ಮೇಲೆ ನಮ್ಮಿಬ್ಬರಿಗೂ ಗಂಟಲು ಬಿಟ್ಟಿತು. ಈಗ ನಮ್ಮದು ಗದ್ದಲದ ಮನೆ. ತಲೆನೋವೆಂದು ಶಾಂತಾ ಮಲಗುತ್ತಾಳೆ. ದಿನಾ ಬಸ್ಸಿನಲ್ಲಿ ಗಬ್ಬೂರು ದಾಟುವಷ್ಟರಲ್ಲಿ ಸೊಂಟ ಹೋಗುತ್ತದೆ ಎಂದು ನಾನು ಗೊಣಗುತ್ತೇನೆ. ಬೆಂಚಿನ ಮೇಲಿನ ಹೆರಿಗೆಯ ಕತೆಯನ್ನು ನಾನು ಹೇಳುವುದು ಬಿಟ್ಟಿದ್ದೇನೆ. ಒಮ್ಮೆ ಹೇಳಲು ಹೊರಟಾಗ ಶಾಂತಾ ತಡೆದು, ಅವತ್ತು ತನಗೆ ಎಷ್ಟು ಹೆದರಿಕೆಯಾಗಿತ್ತು ಎಂದು ಹೇಳಿದಳು. ಇಪ್ಪತ್ತು ವರ್ಷದ ಮೇಲೆ.

ಆದರೆ ಯವ್ವನಿಗೆ ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ. ವರ್ಷವೇ ಕಳೆಯಿತು. ಇವತ್ತು ಈ ಹಲ್ಲು ಸಿಕ್ಕಿತು.

ಕಸಬರಿಗೆ ಗೋಡೆಗೆ ಒರಗಿಸಿ ಹಿತ್ತಲಿಗೆ ಹೋದೆ. ಯವ್ವ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ದೊಡ್ಡದಾದ ಕಡ್ಲಿ ಅವಳ ಪಾದದ ಮೇಲೆ ಗದ್ದವಿಟ್ಟು ಮಲಗಿತ್ತು. ಹಲ್ಲು ಅವಳ ಅಂಗೈಯಲ್ಲಿಟ್ಟೆ. ಆ ಅಂಗೈಯನ್ನು ಹಾಗೇ ಹಿಡಿದುಕೊಂಡೆ. ಚೇಳು ಕುಟುಕಿದ್ದು ಇದೇ ಕೈಗೆ.

"ಯವ್ವಾ, ಅವತ್ತು ಹೊಲದಾಗ ಚೇಳು ಕಡದಾಗ, ನೋವಾಗಿತ್ತೇನು?"

ಅವಳು ನನ್ನನ್ನು ನೋಡಿದಳು. ಕಾಲೇಜಿನಲ್ಲಿ ದಡ್ಡ ಹುಡುಗನೊಬ್ಬ ಕಡೆಗೂ ಉತ್ತರ ಹೇಳಿದರೆ ನಾನೂ ಹಾಗೆಯೇ ನೋಡುತ್ತೇನೆ.

"ಭಾಳ ನೋವಾಗಿತ್ತಪಾ" ಎಂದಳು. "ನೀ ಯಾವಾಗ ಕೇಳ್ತೀ ಅಂತಿದ್ದೆ."

ಕಡ್ಲಿ ತಲೆಯೆತ್ತಿ ಅವಳ ಮುಖ ನೋಡಿತು. ನೋವು ಎಂಬ ಮಾತು ಕೇಳಿದರೆ ಅದು ಈಗಲೂ ಹಾಗೆ ಮಾಡುತ್ತದೆ. ನಾನು ನೆಲದ ಮೇಲೆ, ಅದರ ಪಕ್ಕದಲ್ಲಿ ಕೂತೆ. ಯವ್ವ ಹೇಳತೊಡಗಿದಳು.